ಲೈನ್‌ಮನ್ ಅಪ್ಪಯ್ಯನ ತುಂಟಾಟಗಳೂ ಲೆಕ್ಕಕ್ಕೆ ಬರಲಿ

ನಮ್ಮ ಪತ್ರಿಕೆಗಳ ನಿಧನ ವಾರ್ತೆಗೆ ಒಂದು ಅಚ್ಚಿದೆ. ಹೆಸರು, ವಯಸ್ಸು, ಊರು, ಮಾಡಿದ ಉದ್ಯೋಗ. ಆಮೇಲೆ ‘ಮೃತರು ಪತ್ನಿ, ಒಬ್ಬ ಪುತ್ರ, ಇಬ್ಬರು ಪುತ್ರಿಯರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಜಾಗ ಮಿಕ್ಕಿದ್ದರೆ ಸರಳ ಸಜ್ಜನಿಕೆಯ ಬಗ್ಗೆ ಒಂದು ಸಾಲು. ಅಪ್ಪಯ್ಯ ತೀರಿಕೊಂಡಾಗ ಅವನದೂ ಹಾಗೇ ಬಂತು. ಹದಿಮೂರನೇ ದಿನ ಇಟ್ಟುಕೊಂಡ ನುಡಿನಮನದಲ್ಲೂ ಮೈಕು ಹಿಡಿದವರೆಲ್ಲ ಅದೇ ಅಚ್ಚಿನಲ್ಲಿ ಮಾತಾಡಿದರು. ಶಾಂತ ಸ್ವಭಾವದವರು, ಮಿತಭಾಷಿ, ಕರ್ತವ್ಯನಿಷ್ಠರು. ಕರ್ತವ್ಯನಿಷ್ಠೆಯ ಮಾತು ನಿಜ. ಉಳಿದೆರಡು ಯಾರ ಬಗ್ಗೆ ಹೇಳಿದ್ದೋ ನನಗೆ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಅವನ ಹಳೇ ಗ್ಯಾಂಗಿನವರು ಕೂತಿದ್ದರು. ‘ಮಿತಭಾಷಿ’ ಎಂದಾಗ ಅವರಲ್ಲೊಬ್ಬರು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವರು ಅದೇ ಟವೆಲನ್ನು ಬಾಯಿಗೆ ಒತ್ತಿಕೊಂಡು ನಗು ತಡೆದರು. ಅವರನ್ನು ಯಾರೂ ಮಾತಾಡಲು ಕರೆಯಲಿಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತೇವೆ. ಸರಿ. ಆದರೆ ತುಂಟತನ ಒಳ್ಳೆಯದರ ಪಟ್ಟಿಯಿಂದ ಹೊರಗೆ ಬಿದ್ದದ್ದು ಯಾವಾಗ? ಬೆಣ್ಣೆ ಕದ್ದ, ಸೀರೆ ಕದ್ದ ಕೃಷ್ಣನನ್ನು ದಾಸರ ಕಾಲದಿಂದ ಹಾಡಿ ಹೊಗಳುವ ಜನ ನಾವು. ರಾತ್ರಿಯಿಡೀ ಕೂತು ನೋಡುವ ಯಕ್ಷಗಾನದಲ್ಲಿ ಹಾಸ್ಯಗಾರ ಬರಲಿಲ್ಲ ಎಂದರೆ ಆಟವೇ ಸಪ್ಪೆ ಎನ್ನುತ್ತೇವೆ. ಮನೆಯ ಯಜಮಾನ ಸತ್ತ ಕೂಡಲೇ ಮಾತ್ರ ಅವನನ್ನು ತೊಳೆದು, ಒರೆಸಿ, ಗಂಭೀರ ಮಾಡಿ ಗೋಡೆಗೆ ತೂಗುಹಾಕುತ್ತೇವೆ. ದುಡಿದು ಬದುಕಿದ ಮನುಷ್ಯನಿಗೆ ಇದರಿಂದ ಅನ್ಯಾಯವಾಗುತ್ತದೆ. ಅವನ ಚೇಷ್ಟೆಯನ್ನು ಅಳಿಸಿದರೆ ಅವನ ದುಡಿಮೆಯ ಅರ್ಧವೂ ಅಳಿಸಿಹೋಗುತ್ತದೆ. ನನ್ನ ಅಪ್ಪಯ್ಯನ ವಿಷಯದಲ್ಲಂತೂ ಇದು ಅಕ್ಷರಶಃ ನಿಜ.

ಅವನು ಲೈನ್‌ಮನ್. ಹೊಸನಗರ ತಾಲ್ಲೂಕಿನ ನಗರ, ಯಡೂರು, ಹುಲಿಕಲ್ ಕಡೆ ಬದುಕೆಲ್ಲ ಕಂಬ ಹತ್ತಿದವನು. ಅವನು ಸೇರಿದಾಗ ಅದು ಕೆಇಬಿ. 1957ರಲ್ಲಿ ಹುಟ್ಟಿದ ಆ ಬೋರ್ಡು 1999ರಲ್ಲಿ ನಿಗಮವಾಯಿತು, 2002ರಲ್ಲಿ ನಮ್ಮ ಜಿಲ್ಲೆ ಮೆಸ್ಕಾಂಗೆ ಸೇರಿತು. ಆಮೇಲೆ ಲೈನ್‌ಮನ್ ಹೋಗಿ ಪವರ್‌ಮ್ಯಾನ್ ಎಂಬ ಹುದ್ದೆಯೂ ಬಂತು. ನಮ್ಮೂರಿನವರಿಗೆ ಇವತ್ತಿಗೂ ಅವನು ‘ಕೆಇಬಿ ಅಪ್ಪಯ್ಯ’ನೇ.

ಅವನಿಗೆ ಹತ್ತು ವರ್ಷವಾದಾಗ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆ ಬಿಟ್ಟುಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ಸಾಮಾನು ತುಂಬಿದ ಲಾರಿಯಲ್ಲಿ ಬಂದು ಇಳಿದ ಜಾಗ ಬರೀ ಕಾಡು. ಮುಳುಗಿದವರ ನೆಲದ ಮೇಲೆ ನಿಂತ ನೀರು ಟರ್ಬೈನು ತಿರುಗಿಸಿ ಬೆಂಗಳೂರಿನ ಕಾರ್ಖಾನೆಗಳಿಗೆ ಕರೆಂಟು ಕೊಟ್ಟಿತು; ಮುಳುಗಿದವರ ಹೊಸ ಮನೆಗಳಲ್ಲಿ ಎಷ್ಟೋ ವರ್ಷ ಚಿಮಣಿ ದೀಪವೇ ಉರಿಯಿತು. ಆ ಕಹಿಯನ್ನು ಅಜ್ಜ ಸಾಯುವ ತನಕ ಹೇಳುತ್ತಿದ್ದರು. ಅಪ್ಪಯ್ಯ ಹೇಳುತ್ತಿದ್ದುದು ಬೇರೆ: ಆ ಲಾರಿಯ ಪ್ರಯಾಣದಲ್ಲಿ ಅಜ್ಜಿಯ ಕೋಳಿಬುಟ್ಟಿಯ ಬಾಯಿ ಬಿಚ್ಚಿಬಿಟ್ಟವನು ತಾನೇ ಎಂದು. ಅಳುತ್ತ ಕೂತಿದ್ದ ಹೆಂಗಸರೆಲ್ಲ ಎದ್ದು ಕೋಳಿ ಹಿಡಿಯತೊಡಗಿದರಂತೆ, ಆನಂದಪುರದವರೆಗೆ ಯಾರೂ ಅಳಲಿಲ್ಲವಂತೆ. ಹತ್ತು ವರ್ಷದ ಹುಡುಗ ಅದನ್ನೆಲ್ಲ ಯೋಚಿಸಿ ಮಾಡಿದನೆಂದು ನಾನು ಹೇಳುವುದಿಲ್ಲ. ಮುಂದೆ ಜೀವನಪೂರ್ತಿ ಅವನು ಅದನ್ನೇ ಮಾಡಿದ ಎಂದು ಮಾತ್ರ ಹೇಳಬಲ್ಲೆ.

ಮಲೆನಾಡಿನ ಲೈನ್‌ಮನ್ ಕೆಲಸ ಎಂತದು ಎಂದು ಬಯಲುಸೀಮೆಯ ಓದುಗರಿಗೆ ಹೇಳಬೇಕು. ಹುಲಿಕಲ್, ಆಗುಂಬೆ ಕಡೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುವುದುಂಟು. ಅದರ ಬಹುಪಾಲು ಜೂನ್‌ನಿಂದ ಆಗಸ್ಟ್ ಒಳಗೇ ಸುರಿಯುತ್ತದೆ. ಲೈನು ಹೋಗಿರುವುದು ರಸ್ತೆ ಬದಿಯಲ್ಲಲ್ಲ, ಕಾಡು, ಗದ್ದೆಬಯಲು, ಹಳ್ಳ ದಾಟಿಕೊಂಡು. ಎಲ್ಲೋ ಒಂದು ಮರ ಬಿದ್ದರೆ ಸಬ್‌ಸ್ಟೇಷನ್ನಿನಲ್ಲಿ ಲೈನ್ ಟ್ರಿಪ್ ಆಗುತ್ತದೆ, ಹತ್ತಾರು ಊರು ಕತ್ತಲಾಗುತ್ತವೆ. ಎಲ್ಲಿ ಬಿದ್ದಿದೆ ಎಂದು ಹೇಳುವವರಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು, ಕಂಬದಿಂದ ಕಂಬಕ್ಕೆ ನಡೆದೇ ಹುಡುಕಬೇಕು. ಕಂಬದ ಮೇಲಿನ ಸ್ವಿಚ್ಚಿಗೆ ಅವರು ಜಿಓಎಸ್ ಅನ್ನುತ್ತಾರೆ. ಅದನ್ನು ಎಳೆದು ಆಚೆಯ ಅರ್ಧ ಲೈನನ್ನು ಬೇರೆ ಮಾಡಿ, ಈಚೆಯ ಅರ್ಧಕ್ಕೆ ಕರೆಂಟು ಬಿಡಿಸಿ ನೋಡುವುದು. ನಿಂತರೆ ತೊಂದರೆ ಆಚೆಗಿದೆ, ನಿಲ್ಲದಿದ್ದರೆ ಈಚೆಗೆ. ಹೀಗೆ ಅರ್ಧ ಮಾಡುತ್ತ, ಮತ್ತೆ ಅರ್ಧ ಮಾಡುತ್ತ ಹೋಗಬೇಕು. ಮೊಬೈಲ್ ಇಲ್ಲದ ಕಾಲದಲ್ಲಿ ಒಂದೊಂದು ಅರ್ಧಕ್ಕೂ ಫೋನಿರುವ ಮನೆ ಹುಡುಕಿಕೊಂಡು ಓಡಬೇಕಿತ್ತು. ಮೂರು ಸೆಲ್ಲಿನ ಟಾರ್ಚು, ಕಟಿಂಗ್ ಪ್ಲೇಯರ್, ಹಗ್ಗ, ಸೊಂಟದ ಬೆಲ್ಟು, ಒಂದು ಕತ್ತಿ. ಮೇಲಿನಿಂದ ಮಳೆ, ಕೆಳಗಿನಿಂದ ಉಂಬಳ. ಊಟದ ತಟ್ಟೆಯ ಮುಂದೆ ಕೂತಾಗಲೇ ಅಂಗಳದಲ್ಲಿ ‘ಓ ಅಪ್ಪಯ್ಯಾ, ಕರೆಂಟಿಲ್ವಲ್ಲಾ’ ಎಂದು ಕೂಗಿ ನಿಂತವರನ್ನು ಅವನು ಒಂದು ದಿನವೂ ‘ನಾಳೆ ನೋಡುವಾ’ ಎಂದು ಕಳಿಸಿದ್ದಿಲ್ಲ. ‘ನಿಮ್ಮ ಮನೇಲಿ ಇವತ್ತು ಎಂತ ಸಾರು?’ ಎಂದು ಮೊದಲು ಕೇಳುತ್ತಿದ್ದ. ಒಳ್ಳೆಯ ಸಾರಾದರೆ ಲೈನ್ ಸರಿಮಾಡಿ ಅಲ್ಲೇ ಉಣ್ಣುತ್ತೇನೆ ಎಂದು ಹೇಳಿ ತಟ್ಟೆ ಮುಚ್ಚಿಟ್ಟು ಹೊರಡುತ್ತಿದ್ದ. ಅಮ್ಮ ಆ ತಟ್ಟೆ ಎತ್ತಿಡದೆ ಕಾಯುತ್ತಿದ್ದಳು. ಅವನು ಉಣ್ಣುತ್ತಿದ್ದುದು ಮನೆಯಲ್ಲೇ ಎಂದು ಅವಳಿಗೆ ಗೊತ್ತಿತ್ತು.

ಮಳೆಗಾಲದ ನಡುವೆ ಅವನ ಕಾಲ್ಬೆರಳ ಸಂದಿಗಳು ಕೆಸರುಹುಣ್ಣಾಗಿ ಬಿರಿಯುತ್ತಿದ್ದವು. ಅದಕ್ಕೆ ಅಮ್ಮ ಮದರಂಗಿ ಸೊಪ್ಪು ಅರೆದು ಹಚ್ಚುತ್ತಿದ್ದಳು. ಒಂದು ವರ್ಷ ಗೌರಿ ಹಬ್ಬಕ್ಕೆ ಬಂದಿದ್ದ ನಮ್ಮ ಮಾವ, ಅಮ್ಮನ ಅಣ್ಣ, ಜಗುಲಿಯಲ್ಲಿ ಗೊರಕೆ ಹೊಡೆಯುತ್ತ ಮಲಗಿದ್ದರು. ಬೆಳ್ಳಗೆ ತೀಡಿದ ಮೀಸೆ, ಊರಿನ ಪಂಚಾಯ್ತಿಕೆಗೆಲ್ಲ ಹೋಗುವ ಮೀಸೆ. ಕಾಲಿಗೆ ಹಚ್ಚಿ ಮಿಕ್ಕಿದ ಮದರಂಗಿಯನ್ನು ಅಪ್ಪಯ್ಯ ಕೋಳಿಪುಕ್ಕದಲ್ಲಿ ಅದ್ದಿ ಆ ಮೀಸೆಗೆ ಸವರಿದ. ಸಂಜೆ ಚಾ ಕುಡಿಯಲು ಎದ್ದ ಮಾವನ ಮೀಸೆ ಮಾವಿನಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಬ್ಬದ ಮನೆಯಲ್ಲಿ ಮಾವನ ಮುಖ ನೋಡಿಯೂ ಸುಮ್ಮನಿರಲು ನಾವು ಮಕ್ಕಳೆಲ್ಲ ಪಟ್ಟ ಪಾಡು ಹೇಳತೀರದು. ಮಾವ ಕನ್ನಡಿ ಕಂಡಿದ್ದು ಮರುದಿನ. ಎರಡು ತಿಂಗಳು ಮಾತು ಬಿಟ್ಟರು. ಆಮೇಲೆ ತಾವೇ ಬಂದು, ‘ಭಾವಾ, ಆ ಸೊಪ್ಪು ಸ್ವಲ್ಪ ಕೊಡು, ನಮ್ಮೂರಲ್ಲಿ ಎಲ್ಲರೂ ಚೆನ್ನಾಗಿದೆ ಅಂತಾರೆ’ ಅಂದರು.

ರಾಯಚೂರು ಕಡೆಯಿಂದ ಹೊಸದಾಗಿ ಬಂದ ಸೆಕ್ಷನ್ ಆಫೀಸರರ ಕತೆ ಇನ್ನೂ ದೊಡ್ಡದು. ಹುಡುಗಪ್ರಾಯದ ಎಂಜಿನಿಯರ್. ಮಳೆಯನ್ನು ತಡೆದುಕೊಂಡರು, ಉಂಬಳ ಕಂಡರೆ ಮಾತ್ರ ಕಿರುಚಿ ಹಿಂದೆ ಓಡುತ್ತಿದ್ದರು. ವರ್ಗ ಕೇಳಿ ಅರ್ಜಿ ಬರೆದಿಟ್ಟಿದ್ದರಂತೆ. ಒಂದು ದಿನ ಕಾಡಿನ ನಡುವೆ ಕಾಲಿಗೆ ಅಂಟಿದ ಉಂಬಳ ನೋಡಿ ಬೆವರುತ್ತ ನಿಂತಾಗ ಅಪ್ಪಯ್ಯ ಬಹಳ ಗಂಭೀರವಾಗಿ ಹೇಳಿದ: ‘ಸಾಹೇಬ್ರೆ, ಇವೆಲ್ಲ ಆರಿದ್ರಾ ಮಳೆಯಲ್ಲಿ ಹುಟ್ಟಿದವು. ನಿಮ್ಮ ನಕ್ಷತ್ರ ಬೇರೆ ಅಂತ ಗೊತ್ತಾದರೆ ತಾವಾಗಿಯೇ ಬಿಟ್ಟು ಹೋಗ್ತವೆ. ಬಗ್ಗಿ ಸ್ವಲ್ಪ ಗಟ್ಟಿಯಾಗಿ ಹೇಳಿ.’ ಅವರು ಬಗ್ಗಿ ತಮ್ಮ ಮೀನಖಂಡಕ್ಕೆ ‘ನಂದು ಮಖಾ’ ಎಂದರು. ಅಷ್ಟರಲ್ಲಿ ಅಪ್ಪಯ್ಯ ಹಿಂದಿನಿಂದ ಸುಣ್ಣ-ಹೊಗೆಸೊಪ್ಪಿನ ಗಂಟು ಮುಟ್ಟಿಸಿದ್ದ, ಉಂಬಳ ಉದುರಿತು. ಆ ಮಳೆಗಾಲವಿಡೀ ಎಂಜಿನಿಯರು ಉಂಬಳಗಳಿಗೆ ನಕ್ಷತ್ರ ಹೇಳಿದರು, ಗ್ಯಾಂಗಿನವರು ಸರದಿಯ ಮೇಲೆ ಸುಣ್ಣದ ಗಂಟು ಹಿಡಿದು ಅವರ ಹಿಂದೆ ನಡೆದರು. ನಿಜ ತಿಳಿದ ದಿನ ಅವರು ಹಳ್ಳದ ದಂಡೆಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕರಂತೆ. ಅರ್ಜಿ ಕಳಿಸಲೇ ಇಲ್ಲ. ಆಫೀಸಿನಲ್ಲಿ ಕೂತು ಫೋನಿನಲ್ಲಿ ಲೈನ್ ನಡೆಸುವ ಬದಲು ನಮ್ಮ ಕಡೆಯ ಒಂದೊಂದು ಕಂಬವನ್ನೂ ನಡೆದು ನೋಡಿದ ಅಧಿಕಾರಿಯಾದರು.

ಚೇಷ್ಟೆ ಮಾಡುವವನಿಗೆ ಬೇಕಾದದ್ದು ಕಣ್ಣು. ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಎದ್ದ ಕೂಡಲೇ ಎಲ್ಲಿ ನೋಡುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂಬುದೆಲ್ಲ ಗೊತ್ತಿರಬೇಕು. ಅಪ್ಪಯ್ಯನ ಕೆಲಸಕ್ಕೂ ಅದೇ ಕಣ್ಣು ಬೇಕಿತ್ತು. ಒಮ್ಮೆ ಯಡೂರು ಕಡೆಯ ಲೈನು ದಿನಾ ಸಂಜೆ ಟ್ರಿಪ್ ಆಗುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಮರ ಬಿದ್ದಿಲ್ಲ, ಜಂಪ್ ಕಟ್ಟಾಗಿಲ್ಲ, ಇನ್ಸುಲೇಟರ್ ಒಡೆದಿಲ್ಲ. ಎಲ್ಲರೂ ಕೈಚೆಲ್ಲಿದ ಮೇಲೆ ಅಪ್ಪಯ್ಯ ಒಬ್ಬನೇ ನಡೆದ. ಲೈನಿಗಿಂತ ಮಾರುದ್ದ ದೂರ ನಿಂತ ಒಂದು ಬಿದಿರಮೆಳೆಯಲ್ಲಿ ನಾಲ್ಕೈದು ಎಲೆಗಳ ತುದಿ ಮಾತ್ರ ಕರಕಲಾಗಿತ್ತು. ಸಂಜೆ ಪಡುವಣ ಗಾಳಿ ಎದ್ದಾಗ ಆ ಒಂದು ಗಳ ಬಾಗಿ ತಂತಿ ಮುಟ್ಟಿ ಮತ್ತೆ ನೆಟ್ಟಗಾಗುತ್ತಿತ್ತು. ಕೆಳಗಿನಿಂದ ಆ ಎಲೆತುದಿಗಳನ್ನು ಕಂಡ ಕಣ್ಣೇ ಮಾವನ ಮೀಸೆಯನ್ನೂ ಕಂಡದ್ದು. ಒಂದನ್ನು ಕರ್ತವ್ಯನಿಷ್ಠೆ ಎಂದು ಹೊಗಳಿ ಇನ್ನೊಂದನ್ನು ಮುಚ್ಚಿಟ್ಟರೆ ಮನುಷ್ಯನನ್ನು ಸೀಳಿದ ಹಾಗೆ.

ಅವನು ಯಾವತ್ತೂ ಚೇಷ್ಟೆ ಮಾಡದ ವಸ್ತುವೊಂದಿತ್ತು. ಕರೆಂಟು. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಂಡಿದ್ದರೂ, ಅರ್ತಿಂಗ್ ರಾಡು ಹಾಕದೆ ಅವನು ತಂತಿ ಮುಟ್ಟುತ್ತಿರಲಿಲ್ಲ. ಯಾಕೆಂದು ಒಮ್ಮೆ ನನಗೆ ವಿವರಿಸಿದ. ಕರೆಂಟು ಹೋದಾಗ ಯಾವುದೋ ತೋಟದ ಮನೆಯವರು ಮೇನ್ ಸ್ವಿಚ್ ತೆಗೆಯದೆ ಜನರೇಟರ್ ಹಚ್ಚಿದರೆ, ಆ ಕರೆಂಟು ಸರ್ವಿಸ್ ವಯರಿನಲ್ಲಿ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ತಿರುಗಾಮುರುಗಾ ಆಗಿ 11 ಸಾವಿರ ವೋಲ್ಟಾಗಿ ಲೈನಿಗೆ ಏರಬಹುದು. ಆಫ್ ಮಾಡಿದ ಲೈನೇ ಕೊಲ್ಲಬಹುದು. ವಿಜ್ಞಾನ ಶಿಕ್ಷಕಿಯಾಗಿ ನಾನು ಇವತ್ತು ಮಕ್ಕಳಿಗೆ ಟ್ರಾನ್ಸ್‌ಫಾರ್ಮರ್ ಪಾಠ ಮಾಡುವಾಗ ಅದು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ ಎಂಬುದನ್ನು ಈ ಜನರೇಟರಿನ ಕತೆಯಿಂದಲೇ ಶುರುಮಾಡುತ್ತೇನೆ. ಎಸ್ಸೆಸ್ಸೆಲ್ಸಿ ಫೇಲಾದವನು ನನಗೆ ಕೊಟ್ಟ ಪಾಠ ಅದು.

ನಿವೃತ್ತಿಯ ನಂತರ ಅವನು ಹಿಡಿದ ಕೆಲಸ ದೋಟಿಯದು. ಅಡಿಕೆ ಕೊಯ್ಯಲು ಮರ ಹತ್ತುವವರು ಸಿಗದೆ ಈಗ ತೋಟದವರು ನೆಲದಲ್ಲೇ ನಿಂತು ಉದ್ದನೆಯ ದೋಟಿಯಲ್ಲಿ ಗೊನೆ ಇಳಿಸುತ್ತಾರೆ, ಔಷಧಿ ಹೊಡೆಯುತ್ತಾರೆ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಸತ್ತವರ ಸುದ್ದಿ ನಮ್ಮ ಕಡೆ ಹೊಸದೇನಲ್ಲ. ಆಮೇಲೆ ಕಾರ್ಬನ್ ಫೈಬರ್ ದೋಟಿ ಬಂತು. ಹಗುರ, ನೋಡಲು ಪ್ಲಾಸ್ಟಿಕ್ಕಿನ ಹಾಗಿದೆ, ಇದಕ್ಕೆ ಕರೆಂಟು ಹರಿಯುವುದಿಲ್ಲ ಎಂದು ಜನ ನಂಬಿದರು. ಅಪ್ಪಯ್ಯನಿಗೆ ಅನುಮಾನ. ಒಂದು ಮುರಿದ ತುಂಡು ತಂದು ನನ್ನ ಶಾಲೆಗೆ ಬಂದ. ಮೇಲಿನ ಲೇಪ ಕೆರೆದು, ಸೆಲ್ಲು ಮತ್ತು ಸಣ್ಣ ಎಲ್‌ಇಡಿಯ ನಡುವೆ ಜೋಡಿಸಿದೆವು. ಎಲ್‌ಇಡಿ ಬೆಳಗಿತು. ಕಾರ್ಬನ್ ಫೈಬರ್ ಕೂಡ ವಿದ್ಯುತ್ ವಾಹಕವೇ. ಅಂದಿನಿಂದ ಕೊಯ್ಲಿನ ಕಾಲದಲ್ಲಿ ಆ ತುಂಡು, ಆ ಸೆಲ್ಲು, ಆ ದೀಪವನ್ನು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋಗಿ ತೋರಿಸುತ್ತಿದ್ದ. ‘ತಂತಿ ಹತ್ತಿರದ ಮರ ಆದರೆ ಲೈನ್ ತೆಗೆಸಿ ಕೊಯ್ಯಿರಿ, ಗೊನೆ ನಾಳೆಯೂ ಸಿಗ್ತದೆ’ ಎನ್ನುತ್ತಿದ್ದ. ಅವನ ಮುಖದಲ್ಲಿ ಆಗ ನಗುವಿನ ಗೆರೆಯೂ ಇರುತ್ತಿರಲಿಲ್ಲ. ಸದಾ ನಗಿಸುವವನು ನಗದೆ ಹೇಳಿದ್ದರಿಂದಲೇ ಜನ ಕೇಳಿದರು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಡಿಕೆ ಸೀಮೆಯ ಓದುಗರು ಇದೊಂದು ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ.

ಕೆಲಸದಲ್ಲಿದ್ದಾಗ ಮನೆಯಲ್ಲಿರಲು ಅವನಿಗೆ ಸಿಗುತ್ತಿದ್ದುದು ವಾರಕ್ಕೊಂದು ರಜೆ, ಅದೂ ಮಳೆಗಾಲದಲ್ಲಿ ಇಲ್ಲ. ಒಂದು ಶನಿವಾರ ರಾತ್ರಿ ಗೋಡೆಯ ಕ್ಯಾಲೆಂಡರಿನ ಎರಡು ಹಾಳೆ ಒಟ್ಟಿಗೆ ಹರಿದಿಟ್ಟಿದ್ದ. ಬೆಳಿಗ್ಗೆ ಎದ್ದ ಅಮ್ಮ ಸೋಮವಾರವೆಂದು ಗಡಿಬಿಡಿಯಲ್ಲಿ ರೊಟ್ಟಿ ತಟ್ಟಿ, ನಮಗೆ ಸಮವಸ್ತ್ರ ಹಾಕಿ, ಜಡೆ ಹೆಣೆದು ಕಳಿಸಿದಳು. ಬಸ್ಸು ಬರುವ ಮೋರಿಕಟ್ಟೆಯ ಮೇಲೆ ಅಪ್ಪಯ್ಯ ಕೂತಿದ್ದ, ಪಕ್ಕದಲ್ಲಿ ಗೋಲಿಸೋಡಾ, ಪೇಪರಿನಲ್ಲಿ ಕಟ್ಟಿದ ಗೋಳಿಬಜೆ. ‘ಇವತ್ತು ಶಾಲೆ ಹಳ್ಳದಲ್ಲಿ’ ಅಂದ. ನಾನು ಈಜು ಕಲಿತದ್ದು ಆ ಭಾನುವಾರ, ಸಮವಸ್ತ್ರದಲ್ಲಿ. ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದ ನಾಲ್ವರನ್ನೂ ಅಮ್ಮ ಒಂದೇ ಬರಲು ಹಿಡಿದು ಅಂಗಳದ ಸುತ್ತ ಓಡಿಸಿದಳು.

ಇನ್ನು ಭದ್ರಾವತಿ ಆಕಾಶವಾಣಿಯ ಕತೆ. ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲ. ಅಪ್ಪಯ್ಯ ಅಮ್ಮನ ಹೆಸರಿನಲ್ಲಿ ಒಂದು ಕಾರ್ಡು ಬರೆದು ಪೋಸ್ಟು ಮಾಡಿದ. ಕೋರಿಕೆಯ ಚಿತ್ರಗೀತೆಗಳ ನಡುವೆ ಒಂದು ದಿನ, ಊರಿನ ಹೆಸರು ಹೇಳಿ, ಅಮ್ಮನ ಹೆಸರು ಹೇಳಿ, ಅವರು ತಮ್ಮ ಪ್ರೀತಿಯ ಪತಿಗಾಗಿ ಕೋರಿದ್ದಾರೆ ಎಂದು ಅಪ್ಪಯ್ಯನ ಹೆಸರೂ ಹೇಳಿ ಪ್ರೇಮಗೀತೆ ಹಾಕಿಬಿಟ್ಟರು. ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಕೇರಿಯ ಎಲ್ಲ ರೇಡಿಯೋಗಳೂ ಒಟ್ಟಿಗೆ ಹೇಳಿದವು. ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ ಹೋ ಎಂದು ಕೂಗಿದರು. ಆ ರಾತ್ರಿ ನಮಗೆಲ್ಲ ಬಂಗುಡೆ ಸಾರು, ಅಪ್ಪಯ್ಯನಿಗೆ ಬರೀ ಗಂಜಿ. ಅವನು ಗಂಜಿ ಸುರಿದು, ತಟ್ಟೆ ನೆಕ್ಕಿ, ‘ಇಂಥ ಗಂಜಿ ಉಂಡಿರಲಿಲ್ಲ, ಇನ್ನೊಂದು ಸೌಟು ಬಡಿಸು’ ಅಂದ. ಎರಡನೇ ಸಲ ಬಡಿಸುವಾಗ ಅಮ್ಮ ನಕ್ಕಳು, ಸಾರೂ ಬಂತು.

ಸಂಬಳದ ದಿನ ಕವರು ಒಡೆಯದೆ ಅಮ್ಮನ ಕೈಗೆ ಕೊಡುತ್ತಿದ್ದ. ಎರಡು ದಿನ ಬಿಟ್ಟು ಸಾಸಿವೆ ಡಬ್ಬಿಯಿಂದ ಹತ್ತು ರೂಪಾಯಿ ಕದಿಯುತ್ತಿದ್ದ, ನಮಗೆ ಪೇಪರ್‌ಮೆಂಟು ತರಲು. ಅಮ್ಮನಿಗೆ ಗೊತ್ತಾಗುವುದಿಲ್ಲ ಎಂದು ನಾವೆಲ್ಲ ಬಾಯಿಗೆ ಬೆರಳಿಟ್ಟು ಅವನ ಜೊತೆ ಸೇರುತ್ತಿದ್ದೆವು. ಈಗ, ಅವನು ಹೋದ ಮೇಲೆ, ಅಮ್ಮ ಹೇಳಿದಳು: ತಿಂಗಳ ಲೆಕ್ಕ ಬೇರೆ ಕಡೆ ಇಡುತ್ತಿದ್ದಳಂತೆ. ಸಾಸಿವೆ ಡಬ್ಬಿಯಲ್ಲಿ ಹತ್ತರ ಒಂದು ನೋಟು ಇಡುತ್ತಿದ್ದುದೇ ಅವನು ಕದಿಯಲಿ ಎಂದು. ಒಂದೊಂದು ತಿಂಗಳು ಜಾಗ ಬದಲಾಯಿಸಿ ಅವನು ಹುಡುಕುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳಂತೆ.

ಇದೆಲ್ಲ ಎಲ್ಲಿ ಬರೆದಿದೆ? ಅವನ ಸೇವಾ ಪುಸ್ತಕದಲ್ಲಿ ಸೇರಿದ ದಿನ, ಬಡ್ತಿ, ರಜೆಯ ಲೆಕ್ಕ, ನಿವೃತ್ತಿಯ ದಿನ ಇವೆ. ನಿಧನ ವಾರ್ತೆಯಲ್ಲಿ ನಾವು ಎಷ್ಟು ಜನ ಮಕ್ಕಳು ಎಂಬುದಿದೆ. ಅಣೆಕಟ್ಟು ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಕೆತ್ತಿದೆ. ಅದು ಇರಲಿ, ಇರಬೇಕಾದದ್ದೇ. ಅಲ್ಲಿ ಹುಟ್ಟಿದ ಕರೆಂಟನ್ನು ಉಂಬಳ ಕಚ್ಚಿಸಿಕೊಂಡು ಕಟ್ಟಕಡೆಯ ಮನೆಯ ಬಲ್ಬಿಗೆ ಮುಟ್ಟಿಸಿದವರ ಬದುಕು ಉಳಿಯುವುದು ಕಂಡವರ ಬಾಯಲ್ಲಿ ಮಾತ್ರ. ಆ ಬಾಯಿಗಳಿಗೆ ನುಡಿನಮನದ ದಿನ ನಾವು ಮೈಕು ಕೊಡುವುದಿಲ್ಲ. ಪಂಚಾಯ್ತಿ ಸದಸ್ಯರಿಗೆ, ಸಂಘದ ಅಧ್ಯಕ್ಷರಿಗೆ ಕೊಡುತ್ತೇವೆ. ಜೊತೆಗೆ ಕಂಬ ಹತ್ತಿದವರು, ಗಾಡಿ ಓಡಿಸಿದವರು, ಗದ್ದೆ ಉತ್ತವರು, ಒಮ್ಮೆ ಜಗಳವಾಡಿ ಆಮೇಲೆ ಒಂದಾದವರು ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಹೋಗುತ್ತಾರೆ. ಅವರು ಹೋದ ಹಾಗೆ ಕತೆಗಳೂ ಹೋಗುತ್ತವೆ. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ವಾರಕ್ಕೊಂದು ಅರ್ಧ ಕಾಲಂ ಇಂಥವರಿಗೆ ಮೀಸಲಿಟ್ಟರೆ ಏನು ಕಷ್ಟ? ಹುದ್ದೆ, ಪ್ರಶಸ್ತಿ ಏನೂ ಬೇಡ. ಸತ್ತವರು ಮಾಡುತ್ತಿದ್ದ ಕೆಲಸ ಹೇಗಿತ್ತು, ಅವರು ಯಾರನ್ನು ಹೇಗೆ ನಗಿಸಿದರು ಎಂಬಷ್ಟು ಸಾಕು. ಶಾಲೆಯಲ್ಲಿ ನನ್ನ ಮಕ್ಕಳಿಗೆ ಈ ವರ್ಷ ಅದೇ ಮನೆಗೆಲಸ ಕೊಟ್ಟಿದ್ದೇನೆ: ಅಜ್ಜ-ಅಜ್ಜಿಯರ ಕೆಲಸದ ಬಗ್ಗೆ ಒಂದು ಪುಟ, ಅವರ ಚೇಷ್ಟೆಯ ಬಗ್ಗೆ ಒಂದು ಪುಟ. ಚೇಷ್ಟೆಯ ಪುಟವೇ ಮೊದಲು ತುಂಬಿ ಬರುತ್ತಿದೆ, ಬರೆಯುತ್ತ ಬರೆಯುತ್ತ ಅದರಲ್ಲೇ ಕೆಲಸವೂ ನುಸುಳುತ್ತಿದೆ. ಒಬ್ಬ ಹುಡುಗನ ಅಜ್ಜ ಅಡಿಕೆ ಮರದಿಂದ ಮರಕ್ಕೆ ಹಾರುವಾಗ ಕೆಳಗೆ ನಿಂತವರ ತಲೆಯ ಮೇಲೆ ಕೆಂಜಿಗೆ ಗೂಡು ಬೀಳಿಸುತ್ತಿದ್ದರಂತೆ. ಮರದಿಂದ ಮರಕ್ಕೆ ಹೇಗೆ ಹಾರುತ್ತಾರೆ ಎಂದು ತರಗತಿಯ ಎಲ್ಲರೂ ಆ ಹುಡುಗನನ್ನು ಕೇಳಿದರು, ಅವನು ಮನೆಗೆ ಹೋಗಿ ಕೇಳಿಕೊಂಡು ಬಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ.

ಮುಂದಿನ ತಿಂಗಳು ಅಪ್ಪಯ್ಯನ ವರ್ಷದ ಕಾರ್ಯ. ಊಟಕ್ಕೆ ಕರೆಯುವಾಗಲೇ ಎಲ್ಲರಿಗೂ ಹೇಳಿದ್ದೇವೆ: ಅಪ್ಪಯ್ಯ ನಿಮಗೆ ಮಾಡಿದ ಒಂದು ಚೇಷ್ಟೆಯ ಕತೆ ತರದೆ ಬರಬೇಡಿ. ಹಳೇ ಗ್ಯಾಂಗಿನವರನ್ನು ಮೊದಲ ಸಾಲಿನಲ್ಲಿ ಕೂರಿಸುತ್ತೇವೆ, ನನ್ನ ತಮ್ಮ ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡು ಮಾಡುತ್ತಾನೆ. ರಾಯಚೂರಿನ ಎಂಜಿನಿಯರರಿಗೂ ಫೋನು ಮಾಡಿದ್ದೆ. ಈಗ ಅವರೂ ನಿವೃತ್ತರು, ಬರುತ್ತೇನೆ ಅಂದಿದ್ದಾರೆ, ಉಂಬಳ ಇರುವ ಕಾಲವೇ ಎಂದೂ ಕೇಳಿದರು. ಮಾವ ಮೀಸೆಯ ಕತೆಯನ್ನು ಬೇರೆ ಯಾರೂ ಹೇಳಕೂಡದು, ತಾನೇ ಹೇಳಬೇಕು ಎಂದು ಹಟ ಹಿಡಿದಿದ್ದಾರೆ. ಅಮ್ಮನದು ಒಂದೇ ಷರತ್ತು: ರೇಡಿಯೋ ಕತೆ ಅವಳದು, ಅದನ್ನು ಹೇಳುವಾಗ ಅಪ್ಪಯ್ಯನ ಹೆಸರನ್ನು ಅವಳೇ ಮೈಕಿನಲ್ಲಿ ಹೇಳುತ್ತಾಳಂತೆ.